ಹಾಸಿನ ಕರಾರು, ಹೊಕ್ಕಿನ ಕರಾರು
ಗಜೇಂದ್ರಗಡದ ನೇಕಾರನು ಹಾಸಿನ ನೂಲನ್ನು ಒಂದು ಅಂಗಡಿಯಲ್ಲಿಯೂ ಹೊಕ್ಕಿನ ನೂಲನ್ನು ಇನ್ನೊಂದರಲ್ಲಿಯೂ ಕೊಂಡು ಸೀರೆ ನೆಯ್ದರೆ ಕೇಳುವವರಿಲ್ಲ. ತಂತ್ರಾಂಶದ ಮಗ್ಗದಲ್ಲಿ ಹಾಗಲ್ಲ; ಅಲ್ಲಿ ಬಿಟ್ಟಿಯಾಗಿ ದೊರೆತ ನೂಲಿಗೂ ಕರಾರುಂಟು.

ಒಂದು ಕೃತಿಯ ಮೇಲೆ ಪೇಟೆಂಟಿನ ದಾವೆ ಹೂಡಿದವನು ಅದಕ್ಕೆ ದೊರೆತ ಪೇಟೆಂಟ್ ಅನುಮತಿಯನ್ನೇ ಕಳೆದುಕೊಳ್ಳುವನೆನ್ನುತ್ತದೆ, 2004ರ ಅಪಾಚೆ 2.0 ಪರವಾನಗಿ. 1991ರ ಜಿಪಿಎಲ್ ಎರಡನೆಯ ಆವೃತ್ತಿಯೋ, ತನ್ನ ಷರತ್ತುಗಳ ಮೇಲೆ ಮತ್ತೊಂದನ್ನು ಹೇರಗೊಡದು. ಎರಡೂ ಉದಾರಿಗಳೇ, ಆದರೆ ಬೆರೆಸಿ ಹಂಚುವಂತಿಲ್ಲ! 2007ರ ಮೂರನೆಯ ಆವೃತ್ತಿಯು ಬಾಗಿಲನ್ನು ತೆರೆಯಿತು, ಅದೂ ಒಂದೇ ದಿಕ್ಕಿಗೆ: ಅಪಾಚೆಯದು ಜಿಪಿಎಲ್ ಕೃತಿಯೊಳಗೆ ಸೇರಬಹುದು, ಮರಳಿ ಬರುವಂತಿಲ್ಲ.

ರೋಣ, ನರಗುಂದಗಳ ತರುಣರು ಕನ್ನಡದ ಕಾಗುಣಿತ ತಿದ್ದುವ ತಂತ್ರಾಂಶವನ್ನು ಹೊಸೆಯುವುದಾದರೆ ಮೊದಲು ಓದತಕ್ಕುದು ಪರವಾನಗಿಯ ಕಡತವನ್ನು. ‘ಅಥವಾ ಮುಂದಿನ ಯಾವುದೇ ಆವೃತ್ತಿ’ ಎಂಬ ಮಾತು ಅಲ್ಲಿದ್ದರೆ ಹಾದಿಯುಂಟು. ಇಲ್ಲವಾದರೆ ಹಕ್ಕುಳ್ಳವರೆಲ್ಲರ ಒಪ್ಪಿಗೆ ಬೇಕು. ಮನೆಯ ಯಂತ್ರದಲ್ಲಿಯೇ ಬಳಸಿಕೊಳ್ಳುವವನಿಗೆ ಈ ತೊಡಕಿಲ್ಲ. ಊರಿಗೆ ಹಂಚಹೊರಟವನಿಗೆ ಮಾತ್ರ.