ಅಜ್ಜನ ಜೀಪನ್ನು ಕೊರೆಯಬೇಡಿ

ಪ್ರಾಂತ ರಚನೆಯ ಗೆರೆಯಿಂದಾಚೆ ಉಳಿದ ಕನ್ನಡಿಗರು ನಾವು ಕಾಸರಗೋಡಿನವರು ಮಾತ್ರವಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಸೇರಿದವು. ನಮ್ಮ ಸರದಿ 1956ರ ನವೆಂಬರ್ 1ರಂದು ಬಂತು. ಆದುದರಿಂದ ಆದವಾನಿ ಕಡೆಯ ಕನ್ನಡ ಮನೆಗಳ ಸಣ್ಣ ಸಂಗತಿಯೂ ನಮಗೆ ಹೊರಗಿನದಲ್ಲ.

ಇದು ಅಂತಹದೊಂದು ಸಣ್ಣ ಸಂಗತಿ. ಹತ್ತಿ ಬೆಳೆಯುವ ಆ ಎರೆನೆಲದ ಸೀಮೆಯಲ್ಲಾಗಲಿ ನಮ್ಮ ತೋಟದ ಮನೆಗಳಲ್ಲಾಗಲಿ, ಕ್ಯಾನ್ವಾಸು ಮಡಚಿದರೆ ಆಕಾಶ ಕಾಣುವ ಅಜ್ಜನ ಕಾಲದ ಜೀಪು ಉಳಿದಿದ್ದರೆ, ಮೊಮ್ಮಕ್ಕಳಿಗೆ ಅದರಲ್ಲಿ ಹಾಡು ಬೇಕೆನಿಸುವುದು ಸಹಜ. ತಪ್ಪೇನೂ ಇಲ್ಲ. ಆದರೆ ಅದಕ್ಕಾಗಿ ಡ್ಯಾಶ್‌ಬೋರ್ಡು ಕತ್ತರಿಸಿ, ಪಕ್ಕದ ತಗಡಿಗೆ ತೂತು ಕೊರೆಸುವುದನ್ನು ನಾವು ಒಪ್ಪಲಾರೆವು. ಸೆಟ್ಟು ನಾಲ್ಕು ವರ್ಷಕ್ಕೆ ಹಳತಾಗುತ್ತದೆ. ತೂತು ಶಾಶ್ವತವಾಗಿ ಉಳಿಯುತ್ತದೆ. 50 ವರ್ಷ ಮೀರಿ ಮೂಲರೂಪದಲ್ಲೇ ಇರುವ ವಾಹನಗಳಿಗೆ ಕೇಂದ್ರ ಸರಕಾರ 2021ರಲ್ಲಿ ಪ್ರತ್ಯೇಕ ನೋಂದಣಿಯ ನಿಯಮ ಮಾಡಿದೆ. ಆ ನೋಂದಣಿ ಬೇಡವೆನ್ನುವವರಿಗೂ ಮೂಲರೂಪಕ್ಕೆ ಬೆಲೆಯುಂಟು.

ಕಳಚಿಡಬಹುದಾದ ಸೆಟ್ಟೇ ಇದಕ್ಕೆ ಮದ್ದು. ಹಿಡಿಕೆಯುಳ್ಳ ಮರದ ಪೆಟ್ಟಿಗೆಯೊಂದರಲ್ಲಿ ಸೆಟ್ಟು, ಎರಡು ಸ್ಪೀಕರು, ಪ್ರತ್ಯೇಕವಾದ 12 ವೋಲ್ಟಿನ ಚಿಕ್ಕ ಬ್ಯಾಟರಿ. ಬ್ಯಾಟರಿಯ ಬುಡದಲ್ಲೇ ಫ್ಯೂಸು. ಸೀಟಿನ ಹಿಂದೆ ಇಟ್ಟು ಪಟ್ಟಿ ಬಿಗಿದರೆ ಕೆಲಸ ಮುಗಿಯಿತು. ಗಾಡಿಯ ಬ್ಯಾಟರಿಗೆ ಕೈಹಚ್ಚದಿರಲು ಕಾರಣವಿದೆ. ಆರಂಭದ ಜೀಪುಗಳದು 6 ವೋಲ್ಟು. ಇಂದಿನ ಕಾರು ಸೆಟ್ಟಿಗೆ 12 ವೋಲ್ಟು ಬೇಕು. ಮಾರಿಸ್ ಮೈನರಿನಂತಹ ಹಳೆಯ ಇಂಗ್ಲಿಷ್ ಕಾರುಗಳಲ್ಲಿಯಾದರೋ ಬ್ಯಾಟರಿಯ ಧನ ತುದಿಯನ್ನೇ ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಇದನ್ನರಿಯದೆ ತಂತಿ ಕೊಟ್ಟರೆ ಸೆಟ್ಟು ಸುಟ್ಟೀತು.

ತೆರೆದ ಗಾಡಿಗೆ ಬೀಗವೂ ಇಲ್ಲ, ನೆರಳೂ ಇಲ್ಲ. ಆದವಾನಿಯ ಬೇಸಗೆಯ ಬಿಸಿಲು, ಧೂಳುಗಳಿಗೂ ನಮ್ಮ ಆಟಿಯ ಮಳೆಗೂ ಅಂಜದ ಸೆಟ್ಟು ಯಾವುದು? ಇಳಿಯುವಾಗ ಪೆಟ್ಟಿಗೆಯನ್ನು ಮನೆಯೊಳಗೆ ಒಯ್ದರೆ ಈ ಮೂರು ಚಿಂತೆಯೂ ತೀರಿತು, ಕಳ್ಳರ ಚಿಂತೆಯೂ ತೀರಿತು.

ಇನ್ನೊಂದು ಮಾತು. ತೆರೆದ ಗಾಡಿಯ ಹಾಡು ಬೀದಿಗೆಲ್ಲ ಕೇಳುತ್ತದೆ. ಗಾಳಿಯನ್ನು ಮೀರಿಸಲು ದನಿ ಏರಿಸುವ ಬದಲು ಸ್ಪೀಕರನ್ನು ಕಿವಿಯ ಸಮೀಪಕ್ಕೆ ತಿರುಗಿಸಿಡುವುದು ಲೇಸು. ಹಿಂದಿನ ಲಾರಿಯ ಹಾರನ್ನು ಚಾಲಕನಿಗೆ ಕೇಳಲೇಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕವನ್ನು ನಿಷೇಧಿಸಿರುವುದನ್ನೂ ದಿಬ್ಬಣದವರು ಮರೆಯಬಾರದು.

ಕೊನೆಗೆ, ಆ ಪೆಟ್ಟಿಗೆಯಲ್ಲಿ ಏನು ಹಾಡಬೇಕು? ಅಲ್ಲಿನ ಮಕ್ಕಳಿಗೆ ಬೀದಿಯ ಮಾತು ತೆಲುಗು, ಇಲ್ಲಿನವರಿಗೆ ಮಲಯಾಳ. ಅವೂ ನಮ್ಮ ನೆರೆಯ ನುಡಿಗಳೇ. ಅವುಗಳ ಮೇಲೆ ದ್ವೇಷ ಬೇಡ. ಆದರೆ ಮನೆಯವರೆಲ್ಲ ಮಂತ್ರಾಲಯಕ್ಕೋ ಮಧೂರಿಗೋ ಒಟ್ಟಿಗೆ ಹೊರಟಾಗ ಅಜ್ಜಿಯ ಸೋಬಾನೆಯನ್ನು ಧ್ವನಿಮುದ್ರಿಸಿ ಕೇಳಿಸಿದರೆ ಆಗದೆ? ಅಜ್ಜನ ಗಾಡಿಯೂ ಗಾಯವಿಲ್ಲದೆ ಉಳಿಯಲಿ, ಅಜ್ಜಿಯ ಕನ್ನಡವೂ ಉಳಿಯಲಿ. ಒಂದಕ್ಕಾಗಿ ಇನ್ನೊಂದನ್ನು ಕೆಡಿಸಬೇಕಾಗಿಲ್ಲ ಎಂಬುದೇ ನಮ್ಮ ಅಭಿಮತ.