ಡೋಲಿನ ದರ ನಾವೇ ಹೇಳುತ್ತೇವೆ

ಪಟ್ಟಣದ ದೊಡ್ಡ ಮನೆಗೆ ಪಿಯಾನೋ ಶ್ರುತಿ ಮಾಡುವವನು ಬರುತ್ತಾನೆ. 88 ಕೀಲಿ, ಇನ್ನೂರಕ್ಕೂ ಹೆಚ್ಚು ತಂತಿ. ಮುಚ್ಚಳ ತೆರೆಯುವ ಮೊದಲೇ ದರ ಹೇಳುತ್ತಾನೆ. ಬಸ್ ಚಾರ್ಜು ಬೇರೆ, ತಂತಿ ತುಂಡಾಗಿದ್ದರೆ ಅದರ ದುಡ್ಡು ಬೇರೆ. ಕೆಲಸ ಮುಗಿಸಿ, ಕುರ್ಚಿಯಲ್ಲಿ ಕೂತು ಚಹಾ ಕುಡಿದು, ರಸೀದಿ ಹರಿದುಕೊಟ್ಟು ಹೋಗುತ್ತಾನೆ. ಯಾರೂ ಅವನನ್ನು ದುರಾಸೆಯವನು ಅನ್ನುವುದಿಲ್ಲ.

ಈಗ ಬಂಟ್ವಾಳಕ್ಕೆ ಬನ್ನಿ. ಬೆಳ್ತಂಗಡಿಗೆ, ಮೂಡಬಿದ್ರಿಗೆ ಬನ್ನಿ. ಇಲ್ಲಿ ನಾವೂ ಶ್ರುತಿ ಮಾಡುವವರೇ. ಮರದ ಬೊಡ್ಡೆ ಕೊರೆದು, ಎರಡೂ ಬಾಯಿಗೆ ಚರ್ಮ ಬಿಗಿದು ಡೋಲು ಮಾಡುವವರು. ಕರಾವಳಿಯ ತೇವಕ್ಕೆ ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು, ಬೆರಳಲ್ಲಿ ತಟ್ಟಿ, ಕಿವಿಯಲ್ಲೇ ಅಳೆದು ನಾದಕ್ಕೆ ತರುವವರು. ಕಾವು ಹೆಚ್ಚಾದರೆ ಚರ್ಮ ಹರಿಯುತ್ತದೆ, ಕಡಿಮೆಯಾದರೆ ಸತ್ತ ಸದ್ದು. ಈ ವಿದ್ಯೆಗೆ ಸರ್ಟಿಫಿಕೇಟಿಲ್ಲ. ದರವೂ ಇಲ್ಲ!

"ಎಷ್ಟು ಕೊಡ್ಬೇಕು?" ಅಂತ ನಮ್ಮನ್ನು ಕೇಳುವವರಿಲ್ಲ. "ಇದನ್ನು ಇಟ್ಕೊಳ್ಳಿ ಮಾರಾಯ್ರೆ, ದೇವರ ಕೆಲಸ ಅಲ್ವಾ?" ಅಂತಾರೆ. ಆಗಲಿ, ದೇವರ ಕೆಲಸವೇ. ಶಾಮಿಯಾನದವನಿಗೆ, ಮೈಕಿನವನಿಗೆ, ಅಡುಗೆಯವನಿಗೆ ಬಿಲ್ಲಿನ ಪ್ರಕಾರ ಕೊಡುವ ದೇವರು ಡೋಲಿನವನಿಗೆ ಮಾತ್ರ ಮನಸ್ಸು ಬಂದಷ್ಟು ಕೊಡು ಅಂತ ಯಾರ ಕಿವಿಯಲ್ಲಿ ಹೇಳಿದ? ಒಂದು ಊರಲ್ಲಿ ರಾತ್ರಿಯಿಡೀ ಬಾರಿಸಿದ ನಮ್ಮ ನಾಲ್ವರಿಗೆ ಬೆಳಗ್ಗೆ ಒಂದು ಕವರು ಸಿಕ್ಕಿತು. ಕೈಗೆ ಕೊಡಲಿಲ್ಲ, ಜಗಲಿಯ ತುದಿಯಲ್ಲಿಟ್ಟರು. ಲೆಕ್ಕ ಕೇಳಿದೆವು. ಮರುವರ್ಷ ಬೇರೆ ಊರಿಂದ ಜನ ತರಿಸಿದರು.

ಇದು ಹೊಸ ಕಾಯಿಲೆಯಲ್ಲ. ಮಹಾರರು ವತನದ ಹೆಸರಲ್ಲಿ ಹಗಲು ರಾತ್ರಿ ಚಾಕರಿ ಮಾಡಿ, ಕೂಲಿಗಾಗಿ ಮನೆಮನೆ ತಿರುಗಿ ಕಾಳು ಎತ್ತಬೇಕಿತ್ತು. ಅದರ ವಿರುದ್ಧ ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ಭಿಕ್ಷೆಯಂಥ ಕೂಲಿ ಮನುಷ್ಯನನ್ನು ಭಿಕ್ಷುಕನನ್ನಾಗಿಯೇ ಇಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಜಿಲ್ಲೆಯಲ್ಲಿ 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿಯೇ ಇಲ್ಲದ ನಾವು ಯಾವ ಅರ್ಜಿ ಹಾಕಬೇಕಿತ್ತು? ಅವರಿಗೆ ಗದ್ದೆ ಸಿಕ್ಕಿತು, ನಮಗೆ ಡೋಲು ಉಳಿಯಿತು.

"ದರ ಕಟ್ಟಿದರೆ ಜಾತಿಯ ಕಸುಬನ್ನೇ ಗಟ್ಟಿ ಮಾಡಿದ ಹಾಗಲ್ಲವೇ? ಡೋಲನ್ನೇ ಒಲೆಗೆ ಹಾಕಿ" ಅಂತ ನಮ್ಮ ಗೆಳೆಯರೇ ಕೇಳುತ್ತಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಕೊರಗರಾದ ನಮ್ಮ ಮೇಲೆ ಹೇರಿದ ಅಜಲನ್ನು ಮರೆತಿಲ್ಲ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದನ್ನು, ಕಂಬಳಕ್ಕೆ ಮೊದಲು ನಮ್ಮನ್ನು ಕೋಣಗಳಂತೆ ಓಡಿಸುವುದನ್ನು ನಿಲ್ಲಿಸಲು 2000ದಲ್ಲಿ ಕರ್ನಾಟಕ ಸರಕಾರ ಕಾನೂನನ್ನೇ ಮಾಡಬೇಕಾಯಿತು. ಅಜಲಿಗೆ ದರವಿಲ್ಲ. ಲಕ್ಷ ಕೊಟ್ಟರೂ ಇಲ್ಲ! ಆದರೆ ಡೋಲು ಅಜಲಲ್ಲ, ನಮ್ಮ ವಿದ್ಯೆ. ದರ ಹೇಳಬಲ್ಲವನು ಮಾತ್ರ "ಬರೋದಿಲ್ಲ" ಅಂತಲೂ ಹೇಳಬಲ್ಲ. ಕೊಟ್ಟದ್ದನ್ನು ತಗೊಳ್ಳುವವನಿಗೆ ಆ ಬಾಯಿಲ್ಲ.

2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಒಬ್ಬರ ಎದೆಗೆ ಪದಕ ಬಂದರೆ ಉಳಿದವರ ಹೊಟ್ಟೆಗೆ ಏನು?

ಅದಕ್ಕೇ ಹೇಳುತ್ತೇವೆ: ಊರಿನ ಗಾರೆ ಮೇಸ್ತ್ರಿಯ ದಿನಗೂಲಿಗಿಂತ ಕಡಿಮೆಗೆ ಯಾರೂ ಡೋಲು ಹೊರಬೇಡಿ. ರಾತ್ರಿಯಾದರೆ ಒಂದೂವರೆ ಪಾಲು. ಚರ್ಮ, ಹಗ್ಗ, ಬಸ್ಸಿನ ಖರ್ಚು ಬೇರೆ. ಊಟವನ್ನು ಕೂಲಿಯಲ್ಲಿ ಮುರಿಯಕೂಡದು; ಊಟ ಎಲ್ಲರ ಜೊತೆ, ಅದೇ ಪಂಕ್ತಿಯಲ್ಲಿ. ಅರ್ಧ ದುಡ್ಡು ಮುಂಗಡ, ಉಳಿದದ್ದು ಡೋಲು ಕೆಳಗಿಟ್ಟ ಕೂಡಲೇ. ಪ್ರತಿಯೊಂದಕ್ಕೂ ಚೀಟಿ. ಮೂರು ತಾಲೂಕಿನಲ್ಲೂ ಒಂದೇ ದರ. ಇಲ್ಲಿ ಲೆಕ್ಕ ಕೇಳಿದವನನ್ನು ಬಿಟ್ಟು ಅಲ್ಲಿಂದ ಅಗ್ಗಕ್ಕೆ ತರಿಸಿದರೆ, ಆ ಊರಿನವರು ಹೋಗಬಾರದು. ನಮ್ಮ ಹಸಿವನ್ನೇ ನಮ್ಮ ಮೇಲೆ ಛೂ ಬಿಡುವ ಧಣಿಗಳ ಆಟ ಆಗಲೇ ನಿಲ್ಲುತ್ತದೆ.

ಈಗ ಫೋನಿನಲ್ಲಿ ದುಡ್ಡು ಬರುತ್ತದೆ. ಒಳ್ಳೆಯದೇ, ಮಧ್ಯವರ್ತಿಯ ಕೈ ತಪ್ಪುತ್ತದೆ. ಆದರೆ ಮುಟ್ಟದೆ ಕೊಡಲು ಸುಲಭ ದಾರಿ ಸಿಕ್ಕಿತೆಂದು ಒಳಗೊಳಗೇ ನಗುವವರೂ ಇದ್ದಾರೆ. ಆದ್ದರಿಂದ ಮುಂಗಡವಾದರೂ ಕೈಗೇ ಬರಲಿ. ಜಗಲಿಯ ತುದಿಗಲ್ಲ, ಕೈಯಿಂದ ಕೈಗೆ!

ಹಳ್ಳಿಯ ಮೇಷ್ಟ್ರೇ, ನಾಲ್ಕು ಜನ, ಹತ್ತು ತಾಸು, ಒಂದು ಚರ್ಮ — ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಹಾಕಿ. ನಮ್ಮ ಮಕ್ಕಳೇ ಬಿಡಿಸಲಿ. ಕಾಲೇಜಿನ ಗೆಳೆಯರೇ, ಭಾಷಣ ಆಮೇಲೆ; ನಮ್ಮ ಹಟ್ಟಿಗಳಿಗೆ ಬಂದು ಮೊದಲು ರಸೀದಿ ಪುಸ್ತಕ ಬರೆದುಕೊಡಿ. ಮುಂದಿನ ಜಾತ್ರೆಗೆ ಕರೆಯಲು ಬಂದವರ ಮುಂದೆ ಆ ಪುಸ್ತಕವನ್ನು ತೆರೆದಿಡುತ್ತೇವೆ. ಡೋಲು ಆಮೇಲೆ ಕಾಯಿಸುತ್ತೇವೆ.