ಯುದ್ಧಕಾಲದ ವೀರಚರಿತೆ

ಬದುಕಿರುವ ವ್ಯಕ್ತಿಯ ಚರಿತ್ರೆಯನ್ನು ನಿಷ್ಪಕ್ಷಪಾತವಾಗಿ ಹೇಳುವುದು ಕಷ್ಟ. ಆತ ಸೇನಾಪತಿಯಾಗಿದ್ದು, ಯುದ್ಧವೂ ನಡೆಯುತ್ತಿದ್ದರೆ ಆ ಕಷ್ಟ ಇಮ್ಮಡಿಯಾಗುತ್ತದೆ. 1918ರಲ್ಲಿ ಅಮೆರಿಕದ ಫಾಕ್ಸ್ ಸಂಸ್ಥೆಯು ತಯಾರಿಸಿದ ಒಂದು ಮೂಕಚಿತ್ರ ಇದಕ್ಕೆ ನಿದರ್ಶನವಾಗಿದೆ. ‘ವೈ ಅಮೆರಿಕ ವಿಲ್ ವಿನ್’, ಅಂದರೆ ‘ಅಮೆರಿಕ ಏಕೆ ಗೆಲ್ಲುತ್ತದೆ’ ಎಂಬುದು ಅದರ ಹೆಸರು. ರಿಚರ್ಡ್ ಸ್ಟಾಂಟನ್ ನಿರ್ದೇಶಿಸಿದ ಈ ಚಿತ್ರದ ವಸ್ತು ಜನರಲ್ ಜಾನ್ ಪರ್ಷಿಂಗನ ಜೀವನ.

ಪರ್ಷಿಂಗ್ 1860ರಲ್ಲಿ ಮಿಸೌರಿ ರಾಜ್ಯದಲ್ಲಿ ಹುಟ್ಟಿದನು. ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿ, ಅನಂತರ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯವನ್ನು ಸೇರಿದನು. 1917ರಲ್ಲಿ ಫ್ರಾನ್ಸಿಗೆ ತೆರಳಿದ ಅಮೆರಿಕದ ಸೇನೆಗೆ ಆತನೇ ದಂಡನಾಯಕ. ಹೀಗೆ ಆತ ರಣರಂಗದಲ್ಲಿದ್ದಾಗಲೇ ಸ್ವದೇಶದ ಬೆಳ್ಳಿತೆರೆಯ ಮೇಲೆ ನಟನೊಬ್ಬ ಆತನ ಪಾತ್ರವನ್ನು ವಹಿಸಿದನು.

ಇಂಥ ಚಿತ್ರವನ್ನು ಕೇವಲ ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಯುದ್ಧ ಮುಗಿಯುವ ವೇಳೆಗೆ ಸುಮಾರು 20 ಲಕ್ಷ ಅಮೆರಿಕನ್ ಸೈನಿಕರು ಫ್ರಾನ್ಸಿನಲ್ಲಿದ್ದರು. ತಮ್ಮ ಮಕ್ಕಳನ್ನು ನಡೆಸುವ ನಾಯಕ ಎಂಥವನೆಂದು ತಿಳಿಯುವ ಹಂಬಲ ತಾಯಿತಂದೆಗಳಿಗೆ ಸಹಜವಾದುದು. ಮಾತಿಲ್ಲದ ಚಿತ್ರವನ್ನು ಇಂಗ್ಲಿಷ್ ಚೆನ್ನಾಗಿ ಬಾರದ ವಲಸೆಗಾರರೂ ಬಹುಮಟ್ಟಿಗೆ ಅರಿಯಬಲ್ಲವರಾಗಿದ್ದರು.

ಆದರೆ ಚಿತ್ರದ ಹೆಸರನ್ನೇ ಗಮನಿಸಿರಿ. ಯುದ್ಧ ಮುಗಿಯುವ ಮೊದಲೇ ಅದು ತೀರ್ಪನ್ನು ಸಾರಿಬಿಟ್ಟಿತು. ಜನರಲ್ಲಿ ಧೈರ್ಯ ತುಂಬಲು ಹೊರಟವರು ನಾಯಕನ ತಪ್ಪುಒಪ್ಪುಗಳನ್ನು ತೂಗಿನೋಡಲಾರರು. 1918ರ ಸೆಪ್ಟೆಂಬರ್ 26ರಂದು ಆರಂಭವಾದ ಮ್ಯೂಸ್-ಆರ್ಗಾನ್ ಕದನದಲ್ಲಿ ಪರ್ಷಿಂಗನ ಸೈನಿಕರು 26,000ಕ್ಕೂ ಹೆಚ್ಚು ಮಂದಿ ಮಡಿದರು. ನವೆಂಬರ್ 11ರಂದು ಬೆಳಗಿನ ಜಾವವೇ ಕದನವಿರಾಮಕ್ಕೆ ಸಹಿ ಬಿದ್ದಿತ್ತು. ಅದು ಜಾರಿಗೆ ಬಂದದ್ದು ಹನ್ನೊಂದು ಗಂಟೆಗೆ. ನಡುವಣ ಕೆಲವು ಗಂಟೆಗಳಲ್ಲಿಯೂ ಹಲವೆಡೆ ಆಕ್ರಮಣ ನಿಲ್ಲಲಿಲ್ಲ, ಸಾವೂ ನಿಲ್ಲಲಿಲ್ಲ. ಶತ್ರುವನ್ನು ಪೂರ್ಣವಾಗಿ ಸೋಲಿಸದೆ ಬಿಡಬಾರದೆಂಬುದು ಪರ್ಷಿಂಗನ ನಿಲುವು. ಆ ಕೊನೆಯ ಗಂಟೆಗಳ ಸಾವುಗಳನ್ನು ಕುರಿತು ಮುಂದೆ ಅಮೆರಿಕದ ಶಾಸನಸಭೆ ವಿಚಾರಣೆ ನಡೆಸಿತು. ಆ ಪ್ರಶ್ನೆಗಳನ್ನು ಕೇಳಲು ಶಾಂತಿಯ ಕಾಲವೇ ಬರಬೇಕಾಯಿತು.

ಪರ್ಷಿಂಗನ ಶಿಸ್ತು, ಕರ್ತವ್ಯನಿಷ್ಠೆಗಳು ಗೌರವಕ್ಕೆ ಅರ್ಹವಾದುವು. ಆದರೆ ಗೌರವಿಸುವುದು ಬೇರೆ, ಕಣ್ಣುಮುಚ್ಚಿ ನಂಬುವುದು ಬೇರೆ. ವೀರನೊಬ್ಬನ ಕಥೆಯನ್ನು ತೆರೆಯ ಮೇಲೆ ಕಂಡಾಗ, ಇದು ಯಾವಾಗ ತಯಾರಾಯಿತು, ಯಾರ ಹಿತಕ್ಕಾಗಿ ತಯಾರಾಯಿತು ಎಂದು ವಿಚಾರಿಸುವುದು ಪ್ರಜ್ಞಾವಂತ ಪ್ರೇಕ್ಷಕನ ಕರ್ತವ್ಯ. ದೇಶ ಏಕೆ ಗೆಲ್ಲುತ್ತದೆಂದು ಯುದ್ಧಕಾಲದ ಚಿತ್ರ ಹೇಳುತ್ತದೆ. ಆ ಗೆಲುವಿಗೆ ಯಾರು ಯಾರು ಎಷ್ಟು ಬೆಲೆ ತೆತ್ತರೆಂಬುದನ್ನು ನಾವೇ ಕೇಳಿ ತಿಳಿಯಬೇಕು.